ಎರಡು ಸಲ ನೋಡದೆ ಹೇಳದವರು

ಆ ಗುರುವಾರ ಬೆಳಿಗ್ಗೆ ಡಾಕ್ಟರರ ಫೋನು ಬಂದಾಗ ನಾನು ಹಲ್ಲುಜ್ಜುತ್ತಿದ್ದೆ. ಗುರುವಾರದ ಫೋನು ನಮ್ಮ ಮನೆಗೆ ಹೊಸದಲ್ಲ. ಅವರ ಆಸ್ಪತ್ರೆಯ ಔಷಧದ ಪೆಟ್ಟಿಗೆ ವಾರಕ್ಕೊಮ್ಮೆ ಯುರೋಪಿನ ವಿಮಾನದಲ್ಲಿ ಬರುತ್ತಿತ್ತು. ಅದನ್ನು ಕಸ್ಟಮ್ಸ್‌ನಿಂದ ಬಿಡಿಸಿ ಮಲೇಷ್ಯಾದ ಪೆಟಾಲಿಂಗ್ ಜಯಾಕ್ಕೆ ಮುಟ್ಟಿಸುವುದು ನಾನು ದುಡಿಯುತ್ತಿದ್ದ ಸರಕು ಸಾಗಣೆ ಕಚೇರಿಯಲ್ಲಿ ನನ್ನ ಪಾಲಿಗೆ ಬಂದ ಕೆಲಸ.

“ಪೆಟ್ಟಿಗೆ ಬಂತಾ ಮಾರಾಯ?”

“ವಿಮಾನಾನ ಇನ್ನೂ ಇಳದಿಲ್ರಿ ಸರ.”

“ಇಳಿಯುದು ಯಾವಾಗ?”

“ಒಂಬತ್ತಕ್ಕ ಅಂತ ಹೇಳ್ಯಾರ.”

“ಮತ್ತೆ ನೀನಿನ್ನೂ ಮನೆಯಲ್ಲಿ ಎಂತ ಮಾಡ್ತಾ ಇದ್ದಿ?”

ಬಾಯಿ ತುಂಬ ನೊರೆ ಇಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆ? ಫೋನು ಇಟ್ಟೆ. ಆ ವರ್ಷ ವಿಮಾನ ನಿಲ್ದಾಣ ಸುಬಾಂಗಿನಿಂದ ಸೆಪಾಂಗಿಗೆ ಹೋಗಿತ್ತು. ನನ್ನ ಹಾದಿ ದೂರವಾಗಿತ್ತು, ಅವರ ಫೋನು ಇನ್ನಷ್ಟು ಬೇಗ ಬರತೊಡಗಿತ್ತು. ಪೆಟ್ಟಿಗೆ ತಂದು ಕೊಟ್ಟಾಗ ಅವರು ಅದನ್ನು ನೋಡಲೇ ಇಲ್ಲ. ಹಿಂದಿನ ಪೆಟ್ಟಿಗೆಯ ಔಷಧವನ್ನು ಚುಚ್ಚಿಸಿಕೊಂಡು ಒಳಗೆ ಕ್ಯಾಮೆರಾದ ಕೆಳಗೆ ನನ್ನ ಹೆಂಡತಿ ಮಲಗಿದ್ದಳು. ಅವಳ ಕುತ್ತಿಗೆಯ ಎಡಗಡೆಯ ರಕ್ತನಾಳದಲ್ಲಿ ಒಂದು ಉರಿ ಇತ್ತು. ಒಂದು ವರ್ಷದಿಂದ ಮಾತ್ರೆ ನುಂಗಿ ನುಂಗಿ ಅದನ್ನು ಆರಿಸುತ್ತಿದ್ದೆವು. ಅದು ಆರಿದ್ದರೆ ಶಸ್ತ್ರಚಿಕಿತ್ಸೆ ಮಾಡಬಹುದು, ಮಿದುಳಿಗೆ ರಕ್ತ ಹೋಗುವ ದಾರಿ ಸರಿಯಾಗುತ್ತದೆ. ಆರದೆ ಕೈ ಹಾಕಿದರೆ ಜೋಡಿಸಿದ ನಾಳವೇ ಕಟ್ಟಿಕೊಂಡು ಅವಳು ಮೇಜಿನಿಂದ ಏಳದೆ ಇರಬಹುದು. ಆರಿದೆಯೋ ಇಲ್ಲವೋ ಎನ್ನುವುದನ್ನು ಆ ದಿನದ ಚಿತ್ರ ನೋಡಿ ಅವರು ಹೇಳಬೇಕಾಗಿತ್ತು.

ಮಧ್ಯಾಹ್ನ ಅವರು ಚಿತ್ರ ನೋಡಿದರು. ಸಂಜೆ ಆಸ್ಪತ್ರೆಯ ಎದುರಿನ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಚಾ ಅಂಗಡಿಗೆ, ನನ್ನನ್ನು ಕರೆದುಕೊಂಡು ಹೋದರು. ಹೆಂಡತಿ ಆಗಲೇ ಬಸ್ಸು ಹಿಡಿದು ಮನೆಗೆ ಹೋಗಿದ್ದಳು.

“ಏನ್ ಕಾಣಸ್ತ್ರಿ ಸರ?”

“ಚಾ ಕುಡಿ.”

“ಆರೇತೋ ಇಲ್ಲೋ, ಅಷ್ಟ ಹೇಳ್ರಿ.”

“ಒಂದು ಸಲ ನೋಡಿದ್ದೇನೆ. ಶನಿವಾರ ಬೆಳಿಗ್ಗೆ ಇನ್ನೊಂದು ಸಲ ನೋಡ್ತೇನೆ. ಹೇಳುದು ಆಮೇಲೆ.”

“ಶನಿವಾರದ ತನಕ ನಾವು ಹೆಂಗ ಇರೂದು?”

“ಇಷ್ಟು ದಿವಸ ಹೇಗಿದ್ರಿ, ಹಾಗೇ.”

ಉತ್ತರ ಅವರ ತಲೆಯೊಳಗಿತ್ತು. ಆ ತಲೆ ನನ್ನಿಂದ ಮೊಳದೂರದಲ್ಲಿ, ರೊಟಿ ಚನಾಯನ್ನು ಬೇಳೆಯಲ್ಲಿ ಅದ್ದಿ ಅದ್ದಿ ತಿನ್ನುತ್ತಿತ್ತು. ಎದ್ದು ಹೋಗಿಬಿಡೋಣ ಎನ್ನಿಸಿತು. ಅದು ಅವರಿಗೂ ತಿಳಿಯಿತೋ ಏನೋ, ಕೈ ಒರೆಸಿಕೊಂಡು ಹೇಳಿದರು: “ನಿನ್ನ ಮುಖ ನೋಡಿದ್ರೆ ಒಳ್ಳೇದೇ ಹೇಳುವಾ ಅಂತ ಆಗ್ತದೆ. ಅದಕ್ಕೇ ಹೇಳುದಿಲ್ಲ.” ಆಮೇಲೆ ಅಂಗಡಿಯವನನ್ನು ಕೂಗಿ, “ಎರಡು ರೊಟಿ ತಪಾವ್!” ಎಂದರು. ಕಟ್ಟಿಸಿದ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟು, “ತಂಗಿಗೆ ಕೊಡು. ಬಿಸಿ ಇರುವಾಗಲೇ ತಿನ್ಲಿಕ್ಕೆ ಹೇಳು,” ಎಂದರು. ನನ್ನ ಹೆಂಡತಿಯನ್ನು ಅವರು ಕರೆಯುತ್ತಿದ್ದದ್ದು ತಂಗಿ ಎಂದೇ.

ಮನೆಯಲ್ಲಿ ಆ ಪೊಟ್ಟಣವನ್ನು ನಡುವೆ ಇಟ್ಟುಕೊಂಡು ನಾವಿಬ್ಬರೂ ಕುಳಿತೆವು.

“ರೊಟ್ಟಿ ಕಳಿಸ್ಯಾರಂದ್ರ ಚಲೋನ ಇರಬೇಕು,” ಎಂದಳು ಹೆಂಡತಿ.

“ಪಾಪ ಅನಸಿ ಕಳಿಸಿದ್ರ?”

“ಪಾಪ ಅನ್ನೋ ಮನಷ್ಯಾನ ಅಂವ? ತಿನ್ರಿ ಸುಮ್ನ.”

ಅವರು ಹೇಳಿದ ಶನಿವಾರಕ್ಕೆ ಅವರೇ ಇರಲಿಲ್ಲ. ಶುಕ್ರವಾರವೇ ತೀರಿಕೊಂಡರು.

ಅವರ ಬಗ್ಗೆ ಏನಾದರೂ ಬರೆದು ಕೊಡಿ ಎಂದು ಇಲ್ಲಿಯ ಕನ್ನಡದವರು ಕೇಳಿದ್ದಾರೆ. ಸೌಮ್ಯವಾಗಿ ಬರೆಯಿರಿ ಎಂದೂ ಹೇಳಿದ್ದಾರೆ. ನಾನು ಪ್ರಯತ್ನಪಟ್ಟೆ. ಸೌಮ್ಯವಾಗಿ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದಾಗ, “ಇದು ಯಾರ್ರಿ?” ಎಂದು ಕೇಳಿದಳು. ಹಾಗಾಗಿ ನನಗೆ ಬಂದಂತೆ ಬರೆಯುತ್ತಿದ್ದೇನೆ.

ಅವರು ಉಡುಪಿ ಕಡೆಯವರು. ಮಣಿಪಾಲದಲ್ಲಿ ಓದಿ, ಎಲ್ಲೆಲ್ಲೋ ಸುತ್ತಿ, ಮಲೇಷ್ಯಾಕ್ಕೆ ಬಂದು ನೆಲೆನಿಂತವರು. ವಾರದಲ್ಲಿ ನಾಲ್ಕು ದಿನ ಪೆಟಾಲಿಂಗ್ ಜಯಾದ ಆಸ್ಪತ್ರೆ, ಶುಕ್ರವಾರ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಪಾಠ, ಶನಿವಾರ ಬೆಳಿಗ್ಗೆ ಮತ್ತೆ ಆಸ್ಪತ್ರೆ. ನಾನು ಹುಬ್ಬಳ್ಳಿಯಲ್ಲಿ ಬಿ.ಕಾಂ. ಮುಗಿಸಿ ಇಲ್ಲಿಗೆ ಬಂದವನು. ಮೊದಲು ಕ್ಲಾಂಗ್ ಬಂದರಿನಲ್ಲಿ ಹಡಗಿನ ಸರಕು ನೋಡಿಕೊಳ್ಳುತ್ತಿದ್ದೆ, ಆಮೇಲೆ ವಿಮಾನದ ವಿಭಾಗಕ್ಕೆ ಹಾಕಿದರು. ಅಲ್ಲಿ ನನ್ನ ಗ್ರಹಚಾರಕ್ಕೆ ಇವರು ಸಿಕ್ಕಿದರು. ಮೊದಲ ದಿನ ಫೋನಿನಲ್ಲಿ ಇಂಗ್ಲಿಷಿನಲ್ಲಿ ಬೈಯುತ್ತಿದ್ದವರು, ನಾನು ಪಕ್ಕದವನಿಗೆ ಕನ್ನಡದಲ್ಲಿ ಗೊಣಗಿದ್ದು ಕೇಳಿಸಿದ್ದೇ ತಡ, ಕನ್ನಡಕ್ಕೆ ಇಳಿದರು. ಬೈಗುಳ ಅಷ್ಟೇ ಇತ್ತು, ಸ್ಪಷ್ಟವಾಗಿ ಕೇಳತೊಡಗಿತು.

ನನ್ನ ಕಸುಬಿನಲ್ಲಿ ಸರಕು ಬಂತು ಅಥವಾ ಬರಲಿಲ್ಲ, ಎರಡೇ ಮಾತು. ಇವರ ಪೆಟ್ಟಿಗೆಗೆ ಮೂರನೆಯದೊಂದು ಇತ್ತು. ಬರುತ್ತಿತ್ತು, ಮುದ್ರೆ ಒಡೆದಿರುತ್ತಿರಲಿಲ್ಲ, ಒಳಗಿನ ಸೀಸದ ಡಬ್ಬಿ ಭದ್ರವಾಗಿರುತ್ತಿತ್ತು, ಆದರೂ ಒಳಗಿದ್ದದ್ದು ದಾರಿಯಲ್ಲಿ ಅಷ್ಟಷ್ಟೇ ಸತ್ತಿರುತ್ತಿತ್ತು. ಅದು ವಿಕಿರಣ ಸೂಸುವ ವಸ್ತು. ಸೂಸುತ್ತ ಸೂಸುತ್ತ ಕಡಿಮೆಯಾಗುವುದು ಅದರ ಗುಣ. ವಿಮಾನ ತಡವಾದರೂ ಕಡಿಮೆ, ಅಧಿಕಾರಿ ಊಟಕ್ಕೆ ಹೋದರೂ ಕಡಿಮೆ. “ಐಸ್‌ಕ್ಯಾಂಡಿ ತರ್ತಾ ಇದ್ದಿ ಅಂತ ತಿಳ್ಕೋ,” ಎನ್ನುತ್ತಿದ್ದರು. ಐಸ್‌ಕ್ಯಾಂಡಿಯನ್ನಾದರೂ ಪೆಟ್ಟಿಗೆ ತೆರೆದು ನೋಡಬಹುದು. ಇದನ್ನು ತೆರೆಯುವ ಹಾಗಿಲ್ಲ, ಅಲ್ಲಾಡಿಸುವ ಹಾಗಿಲ್ಲ, ಬೇರೆ ಸರಕಿನ ಜೊತೆ ಇಡುವ ಹಾಗಿಲ್ಲ. ಮೇಲಿನ ಹಳದಿ ಚೀಟಿ ಕಂಡರೆ ಕೂಲಿಗಳು ಮುಟ್ಟುತ್ತಿರಲಿಲ್ಲ. ನಾನೇ ಹೊರುತ್ತಿದ್ದೆ.

ಕೆಲವು ಗುರುವಾರ ಅವರೇ ಸರಕಿನ ಗೋದಾಮಿಗೆ ಬಂದುಬಿಡುತ್ತಿದ್ದರು. ಹವಾಯಿ ಚಪ್ಪಲಿ, ಮಾಸಿದ ಬಿಳಿ ಅಂಗಿ, ಜೇಬಿನಲ್ಲಿ ಆಸ್ಪತ್ರೆಯ ಗುರುತಿನ ಚೀಟಿ. ಒಳಗೆ ಬಿಡದಿದ್ದರೆ ಬಾಗಿಲಲ್ಲೇ ನಿಂತು ಕಾವಲಿನವನಿಗೆ ವಿಕಿರಣದ ಪಾಠ ಮಾಡುತ್ತಿದ್ದರು. ಕಾರು ಎಲ್ಲೆಂದರಲ್ಲಿ ನಿಲ್ಲಿಸುತ್ತಿದ್ದರು. ಅದಕ್ಕೆ ಬಂದ ದಂಡದ ಚೀಟಿ ಗಾಜಿನ ಮೇಲೆ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತಿರುತ್ತಿತ್ತು. ಮೊಬೈಲು ಕೊಳ್ಳಿ ಸರ್ ಎಂದರೆ, “ಯಾಕೆ, ನೀನು ನಂಗೆ ಫೋನು ಮಾಡ್ಲಿಕ್ಕಾ?” ಎಂದು ಕೇಳುತ್ತಿದ್ದರು.

ಅವರಿಗೆ ಇನ್ನೊಂದು ಕೆಟ್ಟ ಚಾಳಿ ಇತ್ತು. ಪರಿಚಯವಾದ ಯಾರದ್ದಾದರೂ ಎರಡೂ ಮಣಿಕಟ್ಟುಗಳನ್ನು ಒಟ್ಟಿಗೆ ಹಿಡಿದುಬಿಡುವುದು. ನಮಸ್ಕಾರ ಅನ್ನುವ ಜಾಗದಲ್ಲಿ ಇದು. ಬ್ರಿಕ್‌ಫೀಲ್ಡ್ಸ್‌ನ ಒಂದು ಮದುವೆಯಲ್ಲಿ ವರನ ಮಾವನ ಕೈಗಳನ್ನು ಹಿಡಿದು ಅಷ್ಟು ಹೊತ್ತು ನಿಂತರೆಂದರೆ, ಆತ ಹೆದರಿ ಊಟ ಬಿಟ್ಟು ಕುಳಿತ. “ಎರಡೂ ಕಡೆ ನಾಡಿ ಒಂದೇ ಥರ ಉಂಟಾ ಅಂತ ನೋಡಿದೆ ಮಾರಾಯ. ಒಂದೇ ಥರ ಉಂಟು. ಅವ ಯಾಕೆ ಹೆದರುದು?” ಎಂದು ನನ್ನನ್ನೇ ಕೇಳಿದರು.

ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬಂದಾಗಲೂ ಅದನ್ನೇ ಮಾಡಿದರು. ಹೆಂಡತಿ ರೊಟ್ಟಿ ಹಾಕಲು ಬಾಗಿದಳು. ಇವರು ತಟ್ಟೆ ಸರಿಸಿ ಅವಳ ಎರಡೂ ಕೈ ಹಿಡಿದರು. ಅವಳು ನನ್ನ ಮುಖ ನೋಡಿದಳು.

“ಏನ್ರಿ ಡಾಕ್ಟ್ರ, ಬಳಿ ತೊಡಸಾವ್ರೇನ?”

ಅವರು ನಗಲಿಲ್ಲ. ಬಲಗೈ ಬಿಟ್ಟರು, ಎಡಗೈ ಬಿಡಲಿಲ್ಲ. ಮೇಲೆ ಕೆಳಗೆ ಒತ್ತಿ ನೋಡಿದರು. ಕಣ್ಣು ಮುಚ್ಚಿಕೊಂಡರು.

“ತಂಗಿ, ಈ ಕೈ ಜೋಮು ಹಿಡಿತದಾ?”

“ಬಟ್ಟಿ ಹಿಂಡುವಾಗ ಸೋತು ಬರ್ತೈತ್ರಿ.”

“ತಲೆ ತಿರುಗುದು?”

“ಮ್ಯಾಲೆ ನೋಡಿದ್ರ ಕತ್ತಲಿ ಬಂದಂಗಾಗ್ತದ. ಶಕ್ತಿ ಇಲ್ಲಂತ ಟಾನಿಕ್ ಕೊಟ್ಟಾರ.”

ಎಡಗೈಯಲ್ಲಿ ನಾಡಿ ಇರಲಿಲ್ಲ. ಎರಡು ವರ್ಷದಿಂದ ಅವಳು ಟಾನಿಕ್ ಕುಡಿಯುತ್ತಿದ್ದಳು. ರಕ್ತದೊತ್ತಡ ನೋಡುವವರು ಎಲ್ಲರೂ ಬಲಗೈಗೇ ಪಟ್ಟಿ ಕಟ್ಟುತ್ತಿದ್ದರು. ಡಾಕ್ಟರರು ಆ ದಿನ ಊಟ ಮಾಡಲಿಲ್ಲ. ಬಿಸಿ ರೊಟ್ಟಿ ತಟ್ಟೆಯಲ್ಲೇ ಒಣಗಿತು. ಜೋಳದ ಹಿಟ್ಟು ಸಿಗದ ಈ ದೇಶದಲ್ಲಿ, ಊರಿನಿಂದ ಬಂದ ಹಿಟ್ಟಿನಲ್ಲಿ ಅತಿಥಿಗೆಂದು ಬಡಿದ ರೊಟ್ಟಿ. ಅವಳಿಗೆ ತನ್ನ ನಾಡಿಗಿಂತ ಅದರದೇ ಬೇಜಾರು ಹೆಚ್ಚಾಗಿತ್ತು.

ದೊಡ್ಡ ರಕ್ತನಾಳಗಳ ಗೋಡೆ ತಾನಾಗಿಯೇ ಕೆರಳಿ ಊದಿಕೊಳ್ಳುವ ಕಾಯಿಲೆ ಅದು. ಬಹಳ ಮಾಡಿ ಚಿಕ್ಕ ವಯಸ್ಸಿನ ಹೆಂಗಸರಿಗೆ ಬರುತ್ತದಂತೆ. ಗೋಡೆ ಊದಿ ಊದಿ ಒಳಗಿನ ದಾರಿ ಕಿರಿದಾಗುತ್ತದೆ. ನಾಳಕ್ಕೆ ಬಣ್ಣ ಹಾಯಿಸಿ ಎಕ್ಸ್-ರೇ ತೆಗೆದ ಸರ್ಜನ್, ಕೌಲಾಲಂಪುರದಲ್ಲಿ ಹೆಸರುವಾಸಿಯಾದವರು, ದಾರಿ ದಾರದಷ್ಟಾಗಿದೆ, ಮುಂದಿನ ವಾರವೇ ಕಾಲಿನ ನಾಳ ತೆಗೆದು ಕುತ್ತಿಗೆಗೆ ಜೋಡಿಸುತ್ತೇನೆ ಎಂದರು. ರಕ್ತದ ಪರೀಕ್ಷೆಯಲ್ಲಿ ಉರಿಯೂತ ಕಾಣಿಸುತ್ತಿಲ್ಲ, ಕಾಯಿಲೆ ತಣ್ಣಗಾಗಿದೆ, ಇದೇ ಸರಿಯಾದ ಸಮಯ ಎಂದೂ ಹೇಳಿದರು. ನಾವು ಒಪ್ಪಿಯೂ ಆಗಿತ್ತು.

ನಮ್ಮ ಡಾಕ್ಟರರು ಒಪ್ಪಲಿಲ್ಲ.

“ಅವರ ಚಿತ್ರದಲ್ಲಿ ರಸ್ತೆ ಎಷ್ಟು ಅಗಲ ಉಂಟು ಅಂತ ಕಾಣ್ತದೆ. ರಸ್ತೆಗೆ ಬೆಂಕಿ ಬಿದ್ದಿದೆಯಾ ಅಂತ ಕಾಣುದಿಲ್ಲ,” ಎಂದರು ನನಗೆ. “ರಕ್ತ ತಣ್ಣಗಿದ್ರೂ ಗೋಡೆ ಉರೀತಾ ಇರಬಹುದು. ನಾನು ನೋಡ್ಬೇಕು.”

ಅವರು ನೋಡುವ ಬಗೆ ಬೇರೆ. ಎಕ್ಸ್-ರೇ ಹೊರಗಿನಿಂದ ಕಿರಣ ಹಾಯಿಸುತ್ತದೆ. ಇವರು ಗ್ಯಾಲಿಯಂ ಎನ್ನುವ ವಸ್ತುವನ್ನು ಅಷ್ಟೇ ಅಷ್ಟು ರಕ್ತಕ್ಕೆ ಬಿಡುತ್ತಾರೆ. ಅದು ಮೈಯೆಲ್ಲ ಸುತ್ತಿ, ಎಲ್ಲಿ ಉರಿಯೂತ ಇದೆಯೋ ಅಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಮೂರು ದಿನ ಬಿಟ್ಟು ರೋಗಿಯನ್ನು ಮಲಗಿಸಿ, ಮೈಯೊಳಗಿನಿಂದ ಹೊರಬರುವ ಕಿರಣವನ್ನು ಕ್ಯಾಮೆರಾ ಹಿಡಿಯುತ್ತದೆ. ಬಿಳಿ ಹಾಳೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು. ಎಳ್ಳು ದಟ್ಟವಾಗಿದ್ದ ಕಡೆ ಉರಿ. ಹೇಳುವುದಕ್ಕೆ ಸುಲಭ. ನನಗೆ ಎಷ್ಟೋ ಚಿತ್ರ ತೋರಿಸಿದ್ದಾರೆ. ಬೆನ್ನುಮೂಳೆ ಯಾವುದು, ಯಕೃತ್ತು ಯಾವುದು ಎಂದೂ ನನಗೆ ತಿಳಿದದ್ದಿಲ್ಲ.

ಆ ಮೊದಲ ಚಿತ್ರ ತೆಗೆದದ್ದು ಹೊಗೆಯ ವರ್ಷ. ಸಮುದ್ರದಾಚೆಯ ಕಾಡುಗಳು ಉರಿದು, ಹೊಗೆ ಇಲ್ಲಿಗೆ ಬಂದು ಕುಳಿತಿತ್ತು. ಎದುರಿನ ಮನೆ ಕಾಣುತ್ತಿರಲಿಲ್ಲ. ಪೆಟ್ಟಿಗೆ ಹೊತ್ತ ವಿಮಾನ ಸುಬಾಂಗಿನಲ್ಲಿ ಇಳಿಯಲಾಗದೆ ಸಿಂಗಾಪುರಕ್ಕೆ ಹೋಯಿತು.

“ನೀನು ಎಂತ ಮಾಡ್ತಾ ಇದ್ದಿ ಅಲ್ಲಿ?”

“ಹೊಗಿ ಐತ್ರಿ ಸರ. ನಾ ಏನ್ ಮಾಡ್ಲಿ?”

“ಗ್ಯಾಲಿಯಂ ಕಾಯುದಿಲ್ಲ ಅಂತ ಅವರಿಗೆ ಹೇಳಿದ್ಯಾ?”

“ಯಾರಿಗ್ರಿ? ಹೊಗಿಗೇನ್ರಿ?”

ಫೋನು ಕುಕ್ಕಿದರು. ಮರುದಿನ ಮೆಲಾಕಾದ ಪಾಠ ಬಿಟ್ಟು ಕಾದರು, ಪೆಟ್ಟಿಗೆ ಬರುವಷ್ಟರಲ್ಲಿ ಇಬ್ಬರು ರೋಗಿಗಳಿಗಾಗುವಷ್ಟು ಉಳಿದಿರಲಿಲ್ಲ. ಬೆನ್ನುನೋವಿನ ಇನ್ನೊಬ್ಬ ರೋಗಿಯನ್ನು ಮುಂದಿನ ವಾರ ಬನ್ನಿ ಎಂದು ಕಳಿಸಿ, ಪೂರ್ತಿಯನ್ನು ನನ್ನ ಹೆಂಡತಿಗೇ ಕೊಟ್ಟರು. ಆ ರೋಗಿಯ ಮಗ ಜಗಳಕ್ಕೆ ಬಂದ. “ಬೆನ್ನು ಒಂದು ವಾರ ಕಾಯ್ತದೆ, ಕುತ್ತಿಗೆ ಕಾಯುದಿಲ್ಲ,” ಎಂದು ಅವನಿಗೂ ಕನ್ನಡದಲ್ಲೇ ಹೇಳಿದರು. ಅವನು ಚೀನೀಯ. ಅಷ್ಟು ಜೋರಾಗಿ ಹೇಳಿದ್ದರಿಂದ ಅವನಿಗೆ ಅರ್ಥವಾಯಿತು.

ಚಿತ್ರ ತೆಗೆಯುವ ದಿನ ಇನ್ನೊಂದು ತೊಂದರೆ. ಹೊಗೆಗೆ ಊರಿಗೆ ಊರೇ ಕೆಮ್ಮುತ್ತಿತ್ತು, ನನ್ನ ಹೆಂಡತಿಯೂ ಕೆಮ್ಮುತ್ತಿದ್ದಳು. ಕ್ಯಾಮೆರಾದ ಕೆಳಗೆ ಅಲುಗಾಡದೆ ಮಲಗಬೇಕು. ಗ್ಯಾಲಿಯಂ ಕಡಿಮೆಯಿದ್ದುದರಿಂದ ಹೊತ್ತೂ ಹೆಚ್ಚು ಬೇಕಾಗಿತ್ತು. ಅವಳು ಕೆಮ್ಮಿದಳು, ಎಳ್ಳು ಕಲಸಿಹೋಯಿತು. ಮತ್ತೆ ಮೊದಲಿನಿಂದ. ಮತ್ತೆ ಕೆಮ್ಮಿದಳು.

“ತಂಗಿ, ಸ್ವಲ್ಪ ತಡಿ ಮಾರಾಯ್ತಿ!”

“ನಾ ಬೇಕಂತ ಕೆಮ್ತೀನೇನ್ರಿ? ನೀವ ಮಲಗಿ ನೋಡ್ರಿ!”

ಅವರು ಜೇಬಿನಿಂದ ಕಲ್ಲುಸಕ್ಕರೆ ತೆಗೆದು ಅವಳ ಬಾಯಿಗೆ ಹಾಕಿದರು. ಬಾಗಿಲ ಸಂದಿಗೆಲ್ಲ ಒದ್ದೆ ಬಟ್ಟೆ ಸಿಕ್ಕಿಸಿದರು. ಆ ಸಾರಿ ಅವಳು ಕೆಮ್ಮಲಿಲ್ಲ.

ಆ ಸಂಜೆಯೇ ಉತ್ತರ ಸಿಗುತ್ತದೆಂದು ನಾನು ಕಾದೆ. ಆಗ ನನಗೆ ಅವರ ಪದ್ಧತಿ ಗೊತ್ತಾಯಿತು. ಒಂದು ಸಲ ನೋಡುವುದು, ನೋಡಿ ತೆಗೆದಿಡುವುದು. ಮುಂದಿನ ಸಲ, ಅದೂ ಬೆಳಗಿನ ಹೊತ್ತು, ಕ್ಯಾಮೆರಾ ನಡೆಸುವ ಮಲಯ್ ಹೆಂಗಸು ಆ ಚಿತ್ರವನ್ನು ಹಳೆಯ ಹತ್ತಾರು ಚಿತ್ರಗಳ ಜೊತೆ ಕಲೆಸಿ, ಹೆಸರಿನ ಮೇಲೆಲ್ಲ ಪ್ಲಾಸ್ಟರ್ ಅಂಟಿಸಿ ಕೊಡಬೇಕು. ಯಾರದೆಂದು ತಿಳಿಯದೆ ಅವರು ಎಲ್ಲವನ್ನೂ ಓದಬೇಕು. ಎರಡು ಓದೂ ಹೊಂದಿದರೆ ವರದಿ. ಹೊಂದದಿದ್ದರೆ ಮತ್ತೆ ಚಿತ್ರ, ಅಂದರೆ ಮತ್ತೆ ಪೆಟ್ಟಿಗೆ, ಮತ್ತೆ ನಾನು.

“ಈ ಕ್ಯಾಮೆರಾ ಸುಳ್ಳು ಹೇಳುದುಂಟು,” ಎನ್ನುತ್ತಿದ್ದರು. “ಅದಕ್ಕಿಂತ ಜಾಸ್ತಿ ನಾನು ಹೇಳ್ತೇನೆ. ಉರಿ ಉಂಟು ಅಂತ ನಂಬಿದ್ರೆ ಉರಿ ಕಾಣ್ತದೆ. ಇಲ್ಲದೆ ಇರ್ಲಿ ಅಂತ ಆಸೆಪಟ್ರೆ ಎದುರಿಗಿದ್ರೂ ಕಾಣುದಿಲ್ಲ.”

ಸರ್ಜನ್ ದಿನಕ್ಕೆರಡು ಸಲ ಫೋನು ಮಾಡಿದರು. ಕೊನೆಗೆ ಅವರೇ ಆ ನೆಲಮಾಳಿಗೆಯ ಕೋಣೆಗೆ ಇಳಿದು ಬಂದರು. “ಡಾಕ್ಟರ್, ಯೆಸ್ ಆರ್ ನೋ ಲಾ!” ಎಂದು, ಇಲ್ಲಿಯವರು ಎಲ್ಲ ಮಾತಿನ ಕೊನೆಗೂ ಅಂಟಿಸುವ ಆ ‘ಲಾ’ ಸೇರಿಸಿ, ಅವರು ಕೂಗಿದ್ದು ಹೊರಗಿದ್ದ ನಮಗೆಲ್ಲ ಕೇಳಿಸಿತು. “ಟುಮಾರೋ,” ಎಂದರು ಇವರು. ಅದೂ ಕೇಳಿಸಿತು.

ಮರುದಿನ ಉತ್ತರ ಬಂತು. ಉರಿ ಇದೆ. ಕುತ್ತಿಗೆಯ ಎಡಭಾಗದಲ್ಲಿ, ಹೃದಯದಿಂದ ಹೊರಡುವ ದೊಡ್ಡ ನಾಳದ ಬಾಗಿನಲ್ಲೂ ಇದೆ. ರಕ್ತ ತಣ್ಣಗಿತ್ತು, ಗೋಡೆ ಉರಿಯುತ್ತಿತ್ತು. ಸರ್ಜನ್ ಆ ಚುಕ್ಕೆಗಳನ್ನು ನೋಡಿ, ಈ ಮಸುಕಿನ ಮೇಲೆ ನಾನು ನಿರ್ಧಾರ ಮಾಡಬೇಕೇ ಎಂದು ಕೇಳಿದರಂತೆ. ಬೆಂಕಿ ಹತ್ತಿದ ಗೋಡೆಗೆ ಮೊಳೆ ಹೊಡೆಯುತ್ತೀರಾ ಎಂದು ಇವರು ಕೇಳಿದರಂತೆ. ಶಸ್ತ್ರಚಿಕಿತ್ಸೆ ನಿಂತಿತು. ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದರು. ಒಂದೆರಡು ತಿಂಗಳಲ್ಲಿ ಹೆಂಡತಿಯ ಮುಖ ಊದಿತು. “ಮುಖ ಪೂರಿ ಆಗೇತಿ, ಬಾಜಿ ಒಂದು ಬಾಕಿ ಐತಿ,” ಎಂದು ಕನ್ನಡಿಯ ಮುಂದೆ ನಿಂತು ಡಾಕ್ಟರರನ್ನು ಬೈಯುತ್ತಿದ್ದಳು. ಅವರು ಬಂದಾಗ ಎದುರಿಗೇ ಬೈಯುತ್ತಿದ್ದಳು. ಅವರು ಅವಳ ಕೈ ಹಿಡಿದು ಎಣಿಸುತ್ತ, ಬೈಗುಳದ ನಡುವೆ “ಹ್ಞೂಂ” ಅನ್ನುತ್ತಿದ್ದರು.

ಆ ವರ್ಷದಲ್ಲಿ ಅವರು ನಮ್ಮ ಮನೆಗೆ ಎಷ್ಟೋ ಭಾನುವಾರ ಬಂದರು. ಬಂದಾಗಲೆಲ್ಲ ಒಂದೇ ವಿಷಯ. ಸಾಮಾನ್ಯ ಜನರ ಹೃದಯದ ನಾಳದಲ್ಲಿ ವಯಸ್ಸಿಗೆ ಸರಿಯಾಗಿ ಕೊಬ್ಬು ಕಟ್ಟುತ್ತದಲ್ಲ, ಅದರಲ್ಲೂ ಕೆಲವು ತಣ್ಣಗೆ ಕುಳಿತಿರುತ್ತವೆ, ಕೆಲವು ಒಳಗೇ ಉರಿಯುತ್ತಿರುತ್ತವೆ ಎನ್ನುವುದು. “ಕಿರಿದಾದದ್ದಕ್ಕೆ ಹೆದರ್ತಾರೆ. ಕೊಲ್ಲುದು ಸಿಟ್ಟಾದದ್ದು. ಸ್ವಲ್ಪವೇ ಇರ್ತದೆ, ದಾರಿಗೆ ಅಡ್ಡ ಇರುದಿಲ್ಲ, ಒಂದು ದಿವಸ ಒಡೀತದೆ.” ಹೃದಯದ ಮೇಲಿನ ನಾಳ ಸಣ್ಣದು, ಕುಣಿಯುತ್ತಲೇ ಇರುತ್ತದೆ, ಈಗಿನ ಕ್ಯಾಮೆರಾಕ್ಕೆ ಸಿಕ್ಕುವುದಿಲ್ಲ, ಮುಂದೆ ಯಾರಾದರೂ ಹಿಡಿಯುತ್ತಾರೆ ಎನ್ನುತ್ತಿದ್ದರು. ಹುಳಿ ಬಡಿಸುತ್ತಿದ್ದ ನನ್ನ ಹೆಂಡತಿ, “ಊಟದ ಹೊತ್ತಿನಾಗ ಒಡಿಯೂ ಮಾತು ಬ್ಯಾಡ್ರಿ,” ಎನ್ನುತ್ತಿದ್ದಳು.

ಅವರ ಹೆಂಡತಿಯೂ ಕೆಲವೊಮ್ಮೆ ಜೊತೆಗೆ ಬರುತ್ತಿದ್ದರು. ತಾಳ್ಮೆಯ ಹೆಂಗಸು. ಒಂದು ದಿನ ನಾನು, ಎರಡೆರಡು ಸಲ ನೋಡುವ ಇವರ ಹಟದಿಂದ ಸಾಕಾಗಿದೆ ಅಮ್ಮ ಎಂದೆ. ಅವರು ನಕ್ಕರು. “ನನ್ನನ್ನು ನೋಡ್ಲಿಕ್ಕೂ ಎರಡು ಸಲ ಬಂದಿದ್ರು. ಎರಡನೇ ಸಲ ನಮ್ಮಪ್ಪ ಕಾಫಿ ಮಾತ್ರ ಕೊಟ್ರು, ತಿಂಡಿ ಕೊಡ್ಲಿಲ್ಲ.”

“ಎರಡನೇ ಸಲ ನೀನು ಬೇರೆ ಸೀರೆ ಉಟ್ಟಿದ್ದಿ. ಆದ್ರೂ ಅಭಿಪ್ರಾಯ ಹೊಂದಿತು,” ಎಂದರು ಡಾಕ್ಟರರು. ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಹೊಗಳಿಕೆ ಅದು.

ಶುಕ್ರವಾರ ಬೆಳಿಗ್ಗೆ ಮೆಲಾಕಾಕ್ಕೆ ಹೊರಟವರು ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿದರು. ಈ ಸಲ ಸರಿಯಾದ ಗೆರೆಯೊಳಗೆ ನಿಲ್ಲಿಸಿದ್ದರಂತೆ. ಸೀಟು ಹಿಂದಕ್ಕೆ ಮಾಡಿ ಒರಗಿದ್ದರು. ಮಲಗಿದ್ದಾರೆಂದು ಬಹಳ ಹೊತ್ತು ಯಾರೂ ಎಬ್ಬಿಸಲಿಲ್ಲ. ಹೃದಯ.

ಮಣ್ಣು ಮಾಡುವವರೆಗೂ ಬಾಯಿ ಮುಚ್ಚಿಕೊಂಡಿರುವುದು ಜನಕ್ಕೆ ಆಗುವುದಿಲ್ಲ. ಎಲ್ಲರ ನಾಳ ನೋಡಿದವರು ತಮ್ಮದನ್ನು ನೋಡಿಕೊಳ್ಳಲಿಲ್ಲ ನೋಡಿ ಎಂದು ಬಂದವರೆಲ್ಲ ಹೇಳಿದರು, ಏನೋ ತಾವೇ ಮೊದಲು ಕಂಡುಹಿಡಿದವರ ಹಾಗೆ. ಕೇಳಿ ಕೇಳಿ ನನಗೆ ರೇಗಿಹೋಯಿತು. ಅವರು ನೋಡಿಸಿಕೊಂಡಿದ್ದರು. ಅದೇ ವರ್ಷದ ಮೊದಲಲ್ಲಿ ಬಣ್ಣ ಹಾಯಿಸಿ ಎಕ್ಸ್-ರೇ ತೆಗೆಸಿಕೊಂಡಿದ್ದರು. ರಸ್ತೆ ಅಗಲವಾಗಿಯೇ ಇತ್ತು. ಅಷ್ಟು ಕಾಣುತ್ತಿತ್ತು, ಅಷ್ಟು ನೋಡಿದ್ದರು. ಉಳಿದದ್ದನ್ನು ನೋಡುವ ಕ್ಯಾಮೆರಾ ಆಗ ಯಾರ ಬಳಿಯೂ ಇರಲಿಲ್ಲ. ಇದನ್ನು ನಾನು ಒಬ್ಬರಿಗೆ ವಿವರಿಸಿ ಹೇಳಿದೆ. ಅವರು ತಲೆಯಾಡಿಸಿ, “ಏನೇ ಆಗಲಿ, ಎಣ್ಣೆ ತಿಂಡಿ ಕಡಿಮೆ ಮಾಡಬೇಕಿತ್ತು,” ಎಂದರು.

ಅವರನ್ನು ಊರಿಗೇ ಕರೆದುಕೊಂಡು ಹೋಗುತ್ತೇನೆ ಎಂದು ಅವರ ಹೆಂಡತಿ ಹೇಳಿದರು. ಮದ್ರಾಸಿನವರೆಗೆ ವಿಮಾನ, ಅಲ್ಲಿಂದ ರಸ್ತೆ. ಅದರ ಕಾಗದಪತ್ರ ನನ್ನ ಕೆಲಸ, ನಾನೇ ಮಾಡಿದೆ. ಶವಪೆಟ್ಟಿಗೆಯನ್ನೂ ಸರಕಿನ ತಕ್ಕಡಿಗೆ ಹಾಕಿ ತೂಕ ಬರೆಯಬೇಕು. ಬರೆದೆ. ಸರಕಿನ ವಿವರ ಎನ್ನುವ ಜಾಗ ತುಂಬಬೇಕು. ತುಂಬಿದೆ. ಆ ಹೊತ್ತಿಗೆ ಗುರುವಾರದ ಪೆಟ್ಟಿಗೆಗೆ ಯಾವಾಗಲೂ ಮುದ್ರೆ ಹಾಕಿಕೊಡುತ್ತಿದ್ದ ಅಧಿಕಾರಿ ಬಂದು ಕುಳಿತ. ನನ್ನನ್ನು ಕಂಡು, “ಇವತ್ತು ಗುರುವಾರ ಅಲ್ಲವಲ್ಲ? ಡಾಕ್ಟರ್ ಬೈಯಲಿಕ್ಕೆ ಬರಲಿಲ್ಲವಾ ಲಾ?” ಎಂದು ಮಲಯ್‌ನಲ್ಲಿ ಕೇಳಿದ. ನಾನು ಕಾಗದವನ್ನು ಅವನ ಮುಂದೆ ಸರಿಸಿದೆ. ಅವನು ಹೆಸರು ಓದಿದ. ಎದ್ದು ನಿಂತು ಮುದ್ರೆ ಹಾಕಿದ. ಎಂದೂ ಇಲ್ಲದಷ್ಟು ಬೇಗ ಕೆಲಸ ಮುಗಿಯಿತು. ಅವಸರ ಬೇಕಾಗಿರಲಿಲ್ಲ.

ಇನ್ನು ನನ್ನ ಹೆಂಡತಿಯ ಚಿತ್ರ. ಡಾಕ್ಟರರು ಒಮ್ಮೆ ನೋಡಿದ್ದರು, ಏನನ್ನೂ ಬರೆದಿಟ್ಟಿರಲಿಲ್ಲ. ಬರೆಯುವ ಪದ್ಧತಿ ಅವರಿಗಿರಲಿಲ್ಲ. ಬರೆದರೆ ಮೊದಲ ಓದು ಎರಡನೆಯದನ್ನು ಎಳೆಯುತ್ತದಂತೆ. ಕ್ಯಾಮೆರಾ ನಡೆಸುವ ಹೆಂಗಸನ್ನು ಕೇಳಿದೆ. ನೋಡುವಾಗ ಅವರ ಮುಖ ಹೇಗಿತ್ತು ಎಂದು ಕೂಡ ನಾಚಿಕೆ ಬಿಟ್ಟು ಕೇಳಿದೆ. ಯಾವಾಗಲೂ ಇದ್ದ ಹಾಗೆ ಎಂದಳು. ಚಿತ್ರವನ್ನು ಸಿಂಗಾಪುರಕ್ಕೆ ಕಳಿಸಿದೆವು. ಉರಿ ಇಲ್ಲ ಎಂದು ಉತ್ತರ ಬಂತು. ಮದ್ರಾಸಿಗೆ ಕಳಿಸಿದೆವು. ಖಚಿತವಾಗಿ ಇಲ್ಲವೆನ್ನಲು ಆಗದು ಎಂದು ಬಂತು. ಸರ್ಜನ್ ಸಿಂಗಾಪುರದ ಮಾತು ಹಿಡಿದರು, ದಿನ ಗೊತ್ತು ಮಾಡುತ್ತೇನೆ ಎಂದರು.

“ನಾ ಮಲಗಾಂಗಿಲ್ಲ,” ಎಂದಳು ಹೆಂಡತಿ.

“ಸಿಂಗಾಪುರದವರು ದೊಡ್ಡ ಡಾಕ್ಟ್ರು ಅದಾರ.”

“ಇರ್ಲಿ. ನನ್ನ ಹೆಸರು ನೋಡೇ ಹೇಳ್ಯಾರಲ್ಲ ಅವರು? ಪ್ಲಾಸ್ಟರ್ ಹಚ್ಚಿದ್ರೇನು?”

ಅವರು ಇದ್ದಷ್ಟು ದಿನ ಅವರನ್ನು ಬೈದವಳು, ಅವರು ಹೋದ ಮೇಲೆ ಅವರ ಹಟವನ್ನು ಹಿಡಿದು ಕುಳಿತಳು. ನನ್ನ ಸಿಟ್ಟು ನೆತ್ತಿಗೇರಿತು. ಅವಳ ಮೇಲೆ ಅಲ್ಲ. ಆ ಮಾಮಕ್ ಅಂಗಡಿಯಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ತಲೆಯನ್ನಾದರೂ ಹೀಗೋ ಹಾಗೋ ಆಡಿಸಬಹುದಿತ್ತು. ಅಷ್ಟು ಹತ್ತಿರ ಕುಳಿತಿದ್ದರು.

ಇನ್ನೂ ಅರ್ಧ ವರ್ಷ ಮಾತ್ರೆ ನುಂಗಿದಳು. ಅವರ ಜಾಗಕ್ಕೆ ಹೊಸ ಡಾಕ್ಟರ್ ಬಂದರು, ಒಳ್ಳೆಯವರು, ಮೊಬೈಲು ಇಟ್ಟುಕೊಂಡವರು. ಮತ್ತೆ ಪೆಟ್ಟಿಗೆ ತಂದೆ, ಮತ್ತೆ ಚಿತ್ರವಾಯಿತು. ಅದೇ ಸಂಜೆ ಅವರು ನಗುತ್ತ ಹೊರಗೆ ಬಂದು ಉರಿ ಪೂರ್ತಿ ಆರಿದೆ ಎಂದರು. ಕ್ಯಾಮೆರಾದ ಹೆಂಗಸು ಪ್ಲಾಸ್ಟರ್ ಸುರುಳಿ ಕೈಯಲ್ಲಿ ಹಿಡಿದು ನಿಂತಿದ್ದಳು, ಅವರು ಕೇಳಲಿಲ್ಲ. ಹೆಂಡತಿ ನನ್ನನ್ನು ನೋಡಿದಳು. ಇನ್ನು ಕಾಯುವ ಶಕ್ತಿ ನನಗಿರಲಿಲ್ಲ, ಅದು ಅವಳಿಗೆ ಕಂಡಿರಬೇಕು. “ಆತು, ಮಲಗ್ತೀನಿ,” ಎಂದಳು.

ಶಸ್ತ್ರಚಿಕಿತ್ಸೆ ಆಯಿತು. ಅವಳು ಮೇಜಿನಿಂದ ಎದ್ದು ಬಂದಳು. ಈಗ ಮೇಲೆ ನೋಡಿದರೆ ಕತ್ತಲೆ ಬರುವುದಿಲ್ಲ, ಬಟ್ಟೆ ಹಿಂಡುತ್ತಾಳೆ, ಮುಖದ ಊತ ಇಳಿದಿದೆ. ಆರು ತಿಂಗಳಿಗೊಮ್ಮೆ ಸರ್ಜನ್ ಬಳಿ ಹೋಗುತ್ತೇವೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ನಾಳ ಚೆನ್ನಾಗಿದೆ ಎಂದು ತಕ್ಷಣ ಹೇಳುತ್ತಾರೆ. ನಾವು ಥ್ಯಾಂಕ್ಸ್ ಹೇಳಿ ಹೊರಗೆ ಬರುತ್ತೇವೆ. ಎರಡನೆಯ ಸಲ ನೋಡುವವರು ಇಲ್ಲ.